ಜೋಡಿ ಪಾರಿವಾಳ

ಮೊದಲು ವ್ಯಾಪಾರದ ಮಾತು ಮುಗಿಸಿಬಿಡುತ್ತೇನೆ.
ಜೋಡಿಗೆ ಎಂಟು ಕಾಸು ಅಂದೆ, ಆರಕ್ಕೆ ಇಳಿದೆ.
ಗಂಡಸು ಚೌಕಾಸಿ ಮಾಡಲಿಲ್ಲ,
ಚೀಲದೊಳಗೆ ಕೈಯಿಟ್ಟು ಬಹಳ ಹೊತ್ತು ತಡಕಿದ, ಅಷ್ಟೆ.
ಉಗುರ ಸಂದಿಯಲ್ಲಿ ಮರದ ಹೊಟ್ಟು.
ಬಾಣಂತಿಯ ಪಾದ ಇನ್ನೂ ಊದಿಕೊಂಡಿತ್ತು.
ಕೂಸನ್ನು ನಾನು ನೋಡಲಿಲ್ಲ.
ಈ ಮೆಟ್ಟಿಲಿಗೆ ದಿನಕ್ಕೆ ಎಷ್ಟೋ ಕೂಸು ಬರುತ್ತವೆ.

ಬಾಗಿಲಾಚೆ, ಹೆಂಗಸರ ಅಂಗಳದಲ್ಲಿ,
ಅಜ್ಜಿ ಬತ್ತಿ ಹೊಸೆಯುತ್ತಿದ್ದಳು.
ಯಾಜಕರು ಉಟ್ಟು ಸವೆಸಿದ ನಡುಪಟ್ಟಿ, ಇಜಾರ,
ಹರಿದು, ತೊಡೆಯ ಮೇಲಿಟ್ಟು, ಅಂಗೈಯಲ್ಲಿ ತೀಡಿ
ಹಬ್ಬದ ದೊಡ್ಡ ದೀಪಗಳಿಗೆ.
ಅವಳ ನಿಲುವಂಗಿ ತೊಡೆಯ ಬಳಿ ಈರುಳ್ಳಿ ಸಿಪ್ಪೆಯಷ್ಟು ತೆಳು.
ಎಷ್ಟು ವರ್ಷದಿಂದ ಎಂದು ಕೇಳಿದರೆ
ನನ್ನಮ್ಮ ತನ್ನಮ್ಮನ ಕಡೆ ಬೆರಳು ತೋರುತ್ತಿದ್ದಳು.

ಹೆಸರಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.
ನಾವು ಎಣ್ಣೆಸೀಮೆಯ ಅಜ್ಜಿ ಅನ್ನುತ್ತಿದ್ದೆವು.
ಬಡಗಣದ ಆಲಿವ್ ತೋಪಿನವಳು. ದೀಪದ ಹೊಗೆ ಮೂಸಿ
ಎಣ್ಣೆಗೆ ಯಾವ ವರ್ಷದ ಕಾಯಿ ಎಂದು ಹೇಳಿಬಿಡುವಳು.
ಎಂಬತ್ತನಾಲ್ಕು ವರ್ಷ. ಗಂಡನ ಜೊತೆ ಏಳೇ ಏಳು.
ಒಮ್ಮೆ ಕೇಳಿದ್ದೆ, ಮುಖ ನೆನಪಿದೆಯೇ ಅಂತ.
"ಮುಖ ಹೋಯಿತು. ಸಂಜೆ ಅವನು ಅಗುಳಿ ಎತ್ತುವ ಸದ್ದಿದೆಯಲ್ಲ,
ಅದು ಇದೆ."

ರೋಮಿನವರು ಬಂದರು. ಅವಳು ಇಲ್ಲೇ ಇದ್ದಳು.
ಹೊಸ ಅರಸ ಗೋಡೆ ಕೆಡವಿ ಗೋಡೆ ಕಟ್ಟಿಸಿದ,
ಚಾಣದ ಸದ್ದು ಇಂದಿಗೂ ನಿಂತಿಲ್ಲ,
ಕಲ್ಲುಪುಡಿ ಅವಳ ಹುಬ್ಬಿನ ಮೇಲೆ. ಅವಳು ಇಲ್ಲೇ ಇದ್ದಳು.
ರಾತ್ರಿ ಬಾಗಿಲು ಹಾಕುವ ಲೇವಿಯರು
ಕಂಬವೆಂದು ತಿಳಿದು ದಾಟಿ ಹೋಗುವರು.
ಅಂಜೂರ ಕೊಟ್ಟರೆ, ಇಂದು ಉಪವಾಸ ಅನ್ನುವಳು,
ಚೂರು ಮಾಡಿ ನನ್ನ ಗೂಡಿನ ಹಕ್ಕಿಗಳಿಗೆ ಹಾಕುವಳು.
"ಇಷ್ಟು ಬೇಡಿದೆಯಲ್ಲ, ಉತ್ತರ ಬಂತೇ?" ಅಂತ ಚುಚ್ಚಿದ್ದೆ.
"ನಾನೆಲ್ಲಿ ಪ್ರಶ್ನೆ ಕೇಳಿದೆ, ಮಗಳೇ?
ಅಗುಳಿಗೆ ಕಿವಿಗೊಟ್ಟು ಕೂತಿದ್ದೇನೆ."

ಆವತ್ತು ಬತ್ತಿಗಳೆಲ್ಲ ಮಡಿಲಿಂದ ಉದುರಿದವು.
ಎದ್ದಳು. ಕೋಲು ಅಲ್ಲೇ ಬಿತ್ತು.
ಯಾರೋ ಮುದುಕ ಕೂಸನ್ನೆತ್ತಿ ಅಳುತ್ತಿದ್ದ.
ಅಜ್ಜಿ ಎತ್ತಿಕೊಳ್ಳಲಿಲ್ಲ. ಬಟ್ಟೆ ಸರಿಸಿ
ಅಂಗಾಲಿಗೆ ಒಂದು ಬೆರಳು ಮುಟ್ಟಿಸಿದಳು,
ಎಣ್ಣೆ ಬಿಸಿಯಾಯಿತೇ ಎಂದು ನೋಡುವ ಹಾಗೆ.

ಆಮೇಲೆ ಮಾತು! ಅಬ್ಬಾ, ಏನು ಮಾತು!
ಬಾಯಿ ತೆರೆದರೆ ದೇವರೊಂದಿಗೇ ಎಂಬಂತಿದ್ದವಳು
ನೀರು ಹೊರುವವನ ತೋಳು ಹಿಡಿದಳು, ಚಿಲ್ಲರೆಯವನ ಮೇಜು ಬಡಿದಳು,
ಕಲ್ಲುಕುಟಿಗನ ಚಾಣ ನಿಲ್ಲಿಸಿ ಹೇಳಿದಳು.
ಇಷ್ಟು ವರ್ಷ ಕೇಳದ ಬಡಗಣ ನುಡಿ ನಾಲಗೆಗೆ ಮರಳಿತ್ತು,
ಏಳರೊಳಗಿನ ಒಂದು ವರ್ಷದ ಹುಡುಗಿ
ಹೊಸಿಲಲ್ಲಿ ನಿಂತು ಕೂಗಿದಂತೆ: ಬಂದ, ಬಂದ!
ನನಗೂ ಹೇಳಿದಳು. ಹೂಂ ಅಜ್ಜಿ, ಅಂದೆ.
ಕಾಸು ಎಣಿಸುತ್ತಿದ್ದೆ.

ಮರುದಿನ ಮತ್ತೆ ಅದೇ ಜಾಗ, ಅದೇ ಬತ್ತಿ.
ಹೋಗಿ ಪಕ್ಕದಲ್ಲಿ ಕೂತೆ. ಯಾಕೋ ಹೇಳಬೇಕೆನಿಸಿತು:
ಆ ಜೋಡಿಯಲ್ಲಿ ಒಂದರ ಕಣ್ಣು ಮಂಕಾಗಿತ್ತು, ಗೊತ್ತಿದ್ದೇ ಕೊಟ್ಟೆ,
ಬಡವರು ಕಣ್ಣು ನೋಡುವುದಿಲ್ಲ.
ಅವಳು ಬೈಯಲಿಲ್ಲ.
ಇಜಾರದ ಅರ್ಧ ಹರಿದು ನನ್ನ ತೊಡೆಯ ಮೇಲೆ ಹಾಕಿದಳು.

ಚಳಿ ಮುಗಿಯುವ ಮುಂಚೆ ಅವಳು ತೀರಿಕೊಂಡಳು.
ನನಗೇನೂ ಕಂಡಿಲ್ಲ, ಸುಳ್ಳು ಯಾಕೆ.
ನನ್ನ ಬತ್ತಿಗಳು ಸೊಟ್ಟ, ಬೇಗ ಉರಿದುಹೋಗುತ್ತವೆ.
ಆ ಆರು ಕಾಸು ಇನ್ನೂ ಚಿಂದಿಯಲ್ಲಿ ಗಂಟು ಹಾಕಿಟ್ಟಿದೆ,
ಆ ಕಡೆಯವರು ಬಂದರೆ ಹಿಂದಿರುಗಿಸಬೇಕು.
ಗೂಡಿನ ಅಗುಳಿ ಸಡಿಲವಾಗಿದೆ ಎಂದು ಮಗ ಗೊಣಗುತ್ತಾನೆ.
ಗಾಳಿಗೆ ಅದು ಎದ್ದು ಬೀಳುತ್ತದೆ.
ಪ್ರತಿ ಸಲ ತಿರುಗಿ ನೋಡುತ್ತೇನೆ.